ಆಕೆಯ ಕಾರಿಗೆ ನಾನು ಹೊಡೆದ ಬಣ್ಣ

ಆ ಕಾರು ನಮ್ಮ ಗ್ಯಾರೇಜಿಗೆ ಬಂದದ್ದು ದಸರೆ ಮುಗಿದ ಮೇಲೆ, ಕಬ್ಬಿನ ಹಂಗಾಮು ಇನ್ನೇನು ಶುರುವಾಗಬೇಕು ಅನ್ನುವ ದಿನಗಳಲ್ಲಿ. ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ರಸ್ತೆಯಲ್ಲಿ, ಮನೆಗಳು ಮುಗಿದು ಹೊಲ ಶುರುವಾಗುವ ಕಡೆ ನಮ್ಮ ತಗಡಿನ ಶೆಡ್ಡು. ಮುಂದೆ ಗಾಡಿಗಳು ನಿಲ್ಲುವಷ್ಟು ಬಯಲು, ಹಿಂದೆ ತಂಬಾಕಿನ ಗೋದಾಮು. ಸಕ್ಕರೆ ಕಾರ್ಖಾನೆಗಳು ಚಾಲೂ ಆಗುವ ಮುಂಚೆ ಸುತ್ತಲಿನ ಹಳ್ಳಿಗಳ ಟ್ರ್ಯಾಕ್ಟರಿನವರೆಲ್ಲ ತಮ್ಮ ಟ್ರಾಲಿಗಳಿಗೆ ಬಣ್ಣ ಹೊಡೆಸುತ್ತಾರೆ. ನಮ್ಮ ವರ್ಷದ ದುಡಿಮೆಯಲ್ಲಿ ಹೆಚ್ಚಿನದು ಆಗಲೇ ಆಗಬೇಕು. ಆ ದಿನ ಬಯಲಲ್ಲಿ ಟ್ರಾಲಿಗಳು ಸಾಲುಗಟ್ಟಿ ನಿಂತಿದ್ದವು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದರ ಹಿಂಬದಿಗೆ ನೀರು ಸುರಿದು ಸುರಿದು ವಾಟರ್ ಪೇಪರಿನಿಂದ ಹಳೆಯ ಬಣ್ಣ ಉಜ್ಜುತ್ತಿದ್ದೆ.

ಸಣ್ಣದೊಂದು ಕೆಂಪು ಕಾರು ಬಂದು ನಿಂತಿತು. ಇಳಿದವಳು ಹೆಚ್ಚು ಕಡಿಮೆ ನನ್ನ ವಯಸ್ಸಿನ ಹೆಂಗಸು. ಇಸ್ತ್ರಿ ಮಾಡಿದ ಕಾಟನ್ ಸೀರೆ, ಹೆಗಲಿಗೊಂದು ಚೀಲ, ಕಣ್ಣಿಗೆ ಚಷ್ಮಾ. ಶೆಡ್ಡಿನೊಳಗಿಂದ ನಮ್ಮವರು, ಅಂದರೆ ನನ್ನ ಗಂಡ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಆಕೆಯನ್ನು ನೋಡಿದ್ದೇ ಅಲ್ಲೇ ನಿಂತರು.

"ಕಾಯ್ ರೇ, ಓಳಖಲಸ್ ಕಾ?" ಎಂದಳು ಆಕೆ. ಏನೋ, ಗುರುತು ಸಿಕ್ಕಿತೇನೋ ಎಂದು ಮರಾಠಿಯಲ್ಲಿ ಕೇಳಿದ್ದು.

ನಮ್ಮವರು ನಕ್ಕರು. ನಮ್ಮ ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಕೇಳದ ನಗು ಅದು. ಸಣ್ಣ ಹುಡುಗರು ನೀರಿಗೆ ಹಾರುವಾಗ ನಗುತ್ತಾರಲ್ಲ, ಹಾಗೆ. ಇಬ್ಬರೂ ಮರಾಠಿಯಲ್ಲಿ ಮಾತಿಗೆ ನಿಂತರು. ಮರಾಠಿ ನನಗೆ ಬರುವುದಿಲ್ಲವೆಂದಲ್ಲ. ನಮ್ಮ ಕಡೆ ಬಾರದವರು ಯಾರು? ಆದರೆ ನನ್ನೊಂದಿಗೆ ಇವರು ಕನ್ನಡದಲ್ಲೇ ಮಾತನಾಡುತ್ತಾರೆ, ಅದೂ ಬೇಕಾದಷ್ಟೇ. ಆವತ್ತು ಮರಾಠಿಯಲ್ಲಿ ಇವರ ಕೈ ಆಡುತ್ತಿತ್ತು, ಹುಬ್ಬು ಆಡುತ್ತಿತ್ತು, ನಡುನಡುವೆ ಹಾಸ್ಯ ಬರುತ್ತಿತ್ತು. ನಾನು ಮದುವೆಯಾದವರ ಒಳಗೆ ಇನ್ನೊಬ್ಬರಿದ್ದಾರೆ, ಅವರ ಪರಿಚಯ ಈ ಚಷ್ಮಾದವಳಿಗಿದೆ, ನನಗಿಲ್ಲ ಅನ್ನಿಸಿತು.

ಮಾತಿನಿಂದ ನನಗೆ ತಿಳಿದದ್ದು ಇಷ್ಟು. ಇಬ್ಬರೂ ಚಿಕ್ಕೋಡಿಯ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಆಕೆ ಭೋಜ ಎಂಬ ಊರಿನವಳು. ಎಲ್ಲೆಲ್ಲೋ ಸುತ್ತಿ ಈಗ ಬೇಡಕಿಹಾಳದ ಹೈಸ್ಕೂಲಿಗೆ ಟೀಚರ್ ಆಗಿ ಬಂದಿದ್ದಾಳೆ. ಓಡಾಡಲು ಬೇಕೆಂದು ಕೊಲ್ಹಾಪುರದ ಕಡೆಯ ಒಬ್ಬ ಏಜೆಂಟನಿಂದ ಈ ಹಳೆಯ ಕಾರು ಕೊಂಡಿದ್ದಾಳೆ. ಕೊಂಡಾಗ ಕನ್ನಡಿಯಂತೆ ಹೊಳೆಯುತ್ತಿದ್ದ ಬಣ್ಣ ಒಂದು ಮಳೆಗಾಲಕ್ಕೇ ಬೊಬ್ಬೆ ಎದ್ದು, ಅಲ್ಲಲ್ಲಿ ಹಪ್ಪಳದಂತೆ ಏಳುತ್ತಿದೆ.

ಬೇರೆ ಯಾರೇ ಇಂಥ ಗಾಡಿ ತಂದಿದ್ದರೂ ನಮ್ಮವರು ಏನು ಮಾಡುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತು. ಸುತ್ತಲೂ ಒಂದು ಸುತ್ತು ಬರುತ್ತಾರೆ. ಬಾಗಿಲಿಗೆ ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳುತ್ತಾರೆ. ಜೇಬಿನಿಂದ ಸಣ್ಣ ಅಯಸ್ಕಾಂತ ತೆಗೆದು ತಗಡಿಗೆ ಹಚ್ಚುತ್ತಾರೆ. ಅದು ಅಂಟದೆ ಜಾರಿದರೆ ಕೆಳಗೆ ತಗಡಲ್ಲ, ತಗ್ಗು-ತೂತು ಮುಚ್ಚಲು ಮೆತ್ತಿದ ದಪ್ಪ ಪುಟ್ಟಿ ಇದೆ ಎಂದು ಅರ್ಥ. ಅಷ್ಟಾದರೂ, "ಬಿಚ್ಚಿ ನೋಡಿದ ಮ್ಯಾಲ ರೇಟ್ ಹೇಳ್ತೀನ್ರಿ" ಅನ್ನುವುದೇ ಅವರ ಮಾತು. ಆ ದಿನ ಗೆಣ್ಣಿನಿಂದ ಬಡಿಯಲಿಲ್ಲ, ಅಯಸ್ಕಾಂತ ಜೇಬಿನಿಂದ ಹೊರಗೆ ಬರಲಿಲ್ಲ. ಆಕೆಯ ಮುಖ ನೋಡುತ್ತಲೇ ಒಂದು ರೇಟು ಹೇಳಿಬಿಟ್ಟರು. ಎರಡು ಬಾಗಿಲು, ಒಂದು ಬಂಪರ್ ಮಾಡಲು ನಾವು ಕೇಳುವ ದುಡ್ಡು. ಅಷ್ಟರಲ್ಲಿ ಇಡೀ ಕಾರು.

"ಭಾಳ ಕಮ್ಮಿ ಆತಲ್ಲೋ?" ಎಂದು ಆಕೆಯೇ ಮರಾಠಿಯಲ್ಲಿ ಕೇಳಿದಳು.

"ನಿನಗ ಇನ್ನೇನ ಹೇಳ್ಲಿ," ಎಂದರು ಇವರು. ಆಮೇಲೆ, "ಬಣ್ಣ ನೀಲಿ ಹಚ್ಚೂಣು. ನಿನಗ ನೀಲಿ ಸೇರತಿತ್ತಲ್ಲ, ಅಗಸಿ ಹೂವಿನ ನೀಲಿ."

ಆಕೆಗೆ ಆಶ್ಚರ್ಯವಾಯಿತು. "ಅದ ಇನ್ನೂ ನೆನಪೈತೇನ ನಿನಗ!"

ಬಣ್ಣ ಬದಲಾದರೆ ಗಾಡಿಯ ಕಾಗದದಲ್ಲಿ ಬರೆಸಬೇಕಲ್ಲ, ಅದಕ್ಕೂ ಇವರೇ ಮುಂದಾದರು. ಚಿಕ್ಕೋಡಿಯ ಆರ್‌ಟಿಓ ಆಫೀಸಿಗೆ ತಾವೇ ಹೋಗಿ ಬರುತ್ತಾರಂತೆ. ನಮ್ಮದೇ ಸ್ಕೂಟರಿನ ಇನ್ಶೂರೆನ್ಸ್ ಕಟ್ಟಲು ನಾನು ಎಷ್ಟು ಸಲ ಹೇಳಿದ್ದೆನೋ.

ಹೊರಡುವ ಮುಂಚೆ ಆಕೆ ನನ್ನ ಹತ್ತಿರ ಬಂದಳು. "ಬರ್ತೀನ್ರಿ ವೈನಿ," ಎಂದಳು. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತಾರೆ. ಅಂದರೆ ನಿನ್ನ ಗಂಡ ನನಗೆ ಅಣ್ಣನ ಸಮಾನ ಎಂದು ಹೇಳಿದ ಹಾಗಾಯಿತು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಅಣ್ಣನಿಗೆ ಯಾರಾದರೂ 'ಕಾಯ್ ರೇ' ಅನ್ನುತ್ತಾರೆಯೇ?

"ಹೂಂ ಅಕ್ಕೋರ, ಬರ್ರಿ," ಎಂದೆ. ಟೀಚರುಗಳಿಗೆ ಹಾಗೆ ಅನ್ನುವುದೇ ನಮ್ಮ ರೂಢಿ. ಆದರೆ ಆ ದಿನ ಆ ಮಾತನ್ನು ಸ್ವಲ್ಪ ದೂರದಿಂದಲೇ ಹೇಳಿದೆ.

ನಾನು ಐನಾಪುರದ ಕಡೆಯವಳು. ತವರಿನಲ್ಲಿ ಒಂದಿಷ್ಟು ಹೊಲ, ಕುರಿ, ಎಮ್ಮೆ. ಮದುವೆಯಾಗಿ ಬಂದ ಹೊಸದರಲ್ಲಿ ಥಿನ್ನರಿನ ವಾಸನೆಗೆ ತಲೆ ಸುತ್ತಿ ಬರುತ್ತಿತ್ತು. ಕೆಲಸಗಾರರು ಒಬ್ಬರೂ ನಿಲ್ಲದೆ, ಬಣ್ಣ ತಾಗದಂತೆ ಗಾಜಿಗೆ ಪೇಪರ್ ಅಂಟಿಸಿ ಕೊಡಲೆಂದು ಶೆಡ್ಡಿಗೆ ಹೋದವಳು ಮತ್ತೆ ಮನೆಯೊಳಗೇ ಕೂರಲಿಲ್ಲ. ಬಣ್ಣ ಕೂಡಿಸುವ ಕೆಲಸ ತಾನಾಗಿ ನನ್ನ ಕೈಗೆ ಬಂತು. ಹಿಂಡಿನಲ್ಲಿ ಒಂದೇ ತರಹ ಕಾಣುವ ಕಂದು ಕುರಿಗಳಲ್ಲಿ ನಮ್ಮವು ಯಾವುವೆಂದು ದೂರದಿಂದಲೇ ಹೇಳುತ್ತಿದ್ದವಳು ನಾನು; ಬಿಳಿಯಲ್ಲಿ ಹಳದಿ ಎಷ್ಟು ಸೇರಿದೆ, ಬೂದಿಯಲ್ಲಿ ಹಸಿರು ಎಷ್ಟಿದೆ ಎಂದು ಕಣ್ಣಿಗೆ ತಿಳಿಯುತ್ತಿತ್ತು. ಬಣ್ಣದ ಕೆಳಗಿನ ಪ್ರೈಮರ್ ಹೊಡೆಯುವುದನ್ನೂ, ಟ್ರಾಲಿಗೆ ಬಣ್ಣ ಹೊಡೆಯುವುದನ್ನೂ ಕಲಿತೆ. ಕಾರಿನ ಕೊನೆಯ ಬಣ್ಣ ಮಾತ್ರ ಇವರದೇ. ಬಣ್ಣ ಚಿಮ್ಮಿಸುವ ಆ ಗನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ: "ನನಗ ಯಾವ ಬಣ್ಣ ಸೇರತೈತ್ರಿ?"

ರೊಟ್ಟಿ ಮುರಿಯುತ್ತಿದ್ದವರು ತಲೆ ಎತ್ತಿದರು. "ಏನ?"

"ಬಣ್ಣ. ನನಗ ಯಾವುದು ಸೇರತೈತಿ?"

ರೊಟ್ಟಿಯ ತುಂಡನ್ನು ಪಲ್ಯಕ್ಕೆ ಅದ್ದಿದರು. "ನಿನಗ ಎಲ್ಲಾನೂ ಸೇರತಾವಲ್ಲ," ಎಂದರು. ಅದನ್ನು ಹೊಗಳಿಕೆ ಎಂದೇ ತಿಳಿದು ಹೇಳಿದರು. ನಾನು ಎದ್ದು ಹೋಗಿ ಕೈ ತೊಳೆದುಕೊಂಡೆ.

ಮರುದಿನ ಕೆಲಸ ಶುರುವಾಯಿತು. ಲೈಟು, ಬಂಪರು, ಬಾಗಿಲ ಹಿಡಿ ಎಲ್ಲ ಬಿಚ್ಚಿಟ್ಟೆವು. ಬಾನೆಟ್ಟಿಗೆ ನಾನು ವಾಟರ್ ಪೇಪರ್ ಹಚ್ಚಿದ್ದೇ ತಡ, ನೀರು ರಕ್ತದಂತೆ ಕೆಂಪಾಗಿ ಹರಿಯಿತು. ಸ್ವಲ್ಪ ಉಜ್ಜುವುದರೊಳಗೆ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತು. ಕೆಳಗೆ ಕಾರಿನ ಮೂಲ ಬಣ್ಣ, ಬೆಳ್ಳಿಯ ಬೂದಿ, ಗೀರಿಲ್ಲದೆ ಹೊಳೆಯುತ್ತಿತ್ತು. ಹಳೆಯದನ್ನು ಉಜ್ಜಿ ಒರಟು ಮಾಡದೆ, ನಡುವೆ ಪ್ರೈಮರ್ ಇಲ್ಲದೆ, ತೊಳೆದರೋ ಇಲ್ಲವೋ ಅದೂ ಅನುಮಾನ, ಮೇಲೆ ಕೆಂಪು ಸುರಿದು ಬಿಟ್ಟಿದ್ದರು. ಮಾರುವ ದಿನದವರೆಗೆ ಹೊಳೆದರೆ ಸಾಕಿತ್ತು ಅವರಿಗೆ.

"ಇದೆಲ್ಲಾ ಕೀಳಬೇಕಾಗತೈತಿ," ಎಂದೆ.

"ಅಂಚ ಅಷ್ಟ ಉಜ್ಜಿ ಪ್ರೈಮರ್ ಹೊಡದು ನೋಡೂಣು," ಎಂದರು ನಮ್ಮವರು. ದುಡ್ಡು ಕಡಿಮೆ ಹೇಳಿದ್ದು ಅವರಿಗೂ ಆಗ ಚುರುಕು ಮುಟ್ಟಿಸಿರಬೇಕು.

ಬಾನೆಟ್ಟಿನ ಮೇಲೆ ಪ್ರೈಮರ್ ಹೊಡೆದರು. ನಾವಿಬ್ಬರೂ ನೋಡುತ್ತ ನಿಂತಿದ್ದಂತೆಯೇ, ಕಾಯಿಸಿದ ಹಾಲಿನ ಕೆನೆ ಸುಕ್ಕುಗಟ್ಟುವ ಹಾಗೆ ಇಡೀ ಬಾನೆಟ್ಟು ಸುಕ್ಕುಗಟ್ಟಿತು. ಪ್ರೈಮರಿನಲ್ಲಿದ್ದ ಥಿನ್ನರ್ ತಾಗಿದ್ದೇ ಕೆಳಗಿನ ಅಗ್ಗದ ಬಣ್ಣ ಎದ್ದು ಕೂತಿತ್ತು. ಇನ್ನು ಬೇರೆ ದಾರಿಯೇ ಇರಲಿಲ್ಲ. ಬಣ್ಣ ಬಿಡಿಸುವ ಎಣ್ಣೆ ಹಚ್ಚಿ, ಕಬ್ಬಿಣದ ಪಟ್ಟಿಯಿಂದ ಕೆರೆದು ಕೆರೆದು ತಗಡಿನವರೆಗೆ ಹೋಗಬೇಕಾಯಿತು.

ಎಡಗಡೆಯ ಹಿಂದಿನ ಬಾಗಿಲಿನ ಕೆಳಗೆ ಹೋದಾಗ ತಗಡೇ ಸಿಗಲಿಲ್ಲ. ಬೆರಳು ದಪ್ಪದ ಪುಟ್ಟಿ. ಅದನ್ನು ಒಡೆದರೆ ಒಳಗೆ ತುಕ್ಕು ತಿಂದು ಆದ ತೂತು. ತೂತಿಗೆ ತುರುಕಿದ್ದು ಹಳೆಯ ಗೋಣಿಚೀಲದ ತುಂಡು. ಹಸಿ ಹಿಡಿದು ಕೊಳೆತ ವಾಸನೆ ಬರುತ್ತಿತ್ತು. ಅದನ್ನು ಚಿಮಟಿಗೆಯಿಂದ ಎಳೆದು ಹೊರಗೆ ಹಾಕುವಾಗ ನನಗೆ ಒಳಗೊಳಗೇ ಖುಷಿಯಾದದ್ದು ಹೌದು. ನೋಡಲು ಎಷ್ಟು ಚೆಂದ, ಒಳಗೆ ಏನಿದೆ ನೋಡಿ ಎಂದು ಯಾರಿಗೋ ತೋರಿಸಬೇಕೆನಿಸಿತು. ನಾನು ಕಾರಿನ ಬಗ್ಗೆ ಯೋಚಿಸುತ್ತಿರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

"ಈಗರ ಫೋನ್ ಮಾಡ್ರಿ," ಎಂದೆ. "ವೆಲ್ಡಿಂಗ್ ಬಂತು, ಎಲ್ಲಾ ಕಿತ್ತು ಹೊಸದಾಗಿ ಮಾಡೂದು ಬಂತು. ಆ ರೇಟಿನ್ಯಾಗ ಬರೇ ಸಾಮಾನ ಸೈತ ಬರೂದಿಲ್ಲ."

"ಒಮ್ಮೆ ಹೇಳಿ ಆಗೇತಿ."

"ಬಿಚ್ಚಿ ನೋಡಿದ ಮ್ಯಾಲ ರೇಟ್ ಬದಲ ಆಗತೈತಂತ ಎಲ್ಲಾರಿಗೂ ಹೇಳ್ತೀರಲ್ಲ?"

"ಆಕಿಗೆ ಹೇಳಿಲ್ಲ."

"ಅದನ್ನ ಕೇಳಾಕತ್ತೀನಿ. ಆಕಿಗಷ್ಟ ಯಾಕ ಹೇಳ್ಲಿಲ್ಲ?"

ಅವರು ಗನ್ನಿಗೆ ಗಾಳಿ ಕೊಡುವ ಕಂಪ್ರೆಸರ್ ಚಾಲೂ ಮಾಡಿದರು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ.

ದಿನಗಳು ಹೋದವು. ಶೆಡ್ಡಿನ ಒಳಗಿನ ಜಾಗವನ್ನೆಲ್ಲ ಆ ಕಾರೇ ಹಿಡಿದಿತ್ತು. ಟ್ರಾಲಿಗಳು ಬಯಲಲ್ಲೇ ನಿಂತಿದ್ದವು. ನಮ್ಮವರು ಟ್ರಾಲಿಗಳಿಗೆ ಬೆಳಿಗ್ಗೆ ಒಂದಿಷ್ಟು ಹೊತ್ತು ಕೊಟ್ಟು, ಉಳಿದ ದಿನವೆಲ್ಲ ಕಾರಿನ ಬಳಿಯೇ ಇರುತ್ತಿದ್ದರು. ತೆಳ್ಳಗೆ ಪುಟ್ಟಿ ಎಳೆದು, ಒಣಗಿದ ಮೇಲೆ ಉಜ್ಜಿ, ಕಣ್ಣು ಮುಚ್ಚಿ ಅಂಗೈಯಿಂದ ಬಾಗಿಲನ್ನು ಸವರಿ ನೋಡುತ್ತಿದ್ದರು. ಕಣ್ಣಿಗೆ ಕಾಣದ ಉಬ್ಬುತಗ್ಗು ಅಂಗೈಗೆ ತಿಳಿಯುತ್ತದೆ, ಎಲ್ಲ ಪೇಂಟರುಗಳೂ ಹಾಗೆಯೇ ಮಾಡುತ್ತಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೋಡಲಾಗುತ್ತಿರಲಿಲ್ಲ. ನನಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದರೂ ಇಷ್ಟು ನಿಧಾನವಾಗಿ ನೋಡಿರಲಿಕ್ಕಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ಒಂದು ಬೆಳಿಗ್ಗೆ ರಾಯಬಾಗದ ಕಡೆಯ ಟ್ರ್ಯಾಕ್ಟರ್ ಮಾಲಕರೊಬ್ಬರು ಬಂದು ಸಿಟ್ಟು ಮಾಡಿದರು. ಅವರು ಹಳೆಯ ಗಿರಾಕಿ, ಪ್ರತಿ ವರ್ಷ ನಮ್ಮಲ್ಲೇ ಕೊಡುವವರು. "ಕಾರ್ಖಾನಿ ಚಾಲೂ ಆಗಾಕ ಬಂತು, ನನ್ನ ಟ್ರಾಲಿ ಇನ್ನೂ ತುಕ್ಕ ಹಿಡದ ನಿಂತಾವು. ನಿಮಗ ಆಗೂದಿಲ್ಲಂದ್ರ ಹೇಳ್ರಿ, ಚಿಕ್ಕೋಡ್ಯಾಗ ಬೇರೆ ಮಂದಿ ಅದಾರ," ಎಂದು ಎರಡೂ ಟ್ರಾಲಿ ಎಳೆದುಕೊಂಡು ಹೋದರು.

ಅವರ ಟ್ರ್ಯಾಕ್ಟರಿನ ಧೂಳು ಇಳಿಯುವ ಮುಂಚೆಯೇ ನಮ್ಮವರು ಸಾಮಾನು ತರಲು ನಿಪ್ಪಾಣಿ ಪೇಟೆಗೆ ಹೋದರು. ಅವರ ಫೋನು ಮೇಜಿನ ಮೇಲೆ ಚಾರ್ಜಿಗಿತ್ತು. ನಾನು ಅದರಿಂದ ಟೀಚರಿಗೆ ಫೋನ್ ಮಾಡಿದೆ.

"ಬೋಲ್ ರೇ," ಹೇಳೋ, ಎಂದಿತು ಆ ಕಡೆಯ ದನಿ.

"ಅವರಲ್ರಿ, ನಾ ಅವರ ಮನಿಯಾಕಿ," ಎಂದೆ. "ನಿಮ್ಮ ಗಾಡಿ ಒಮ್ಮೆ ಬಂದು ನೋಡಿ ಹೋಗ್ರಿ."

ಆಕೆ ಮಧ್ಯಾಹ್ನದ ಬಸ್ಸು ಹಿಡಿದು ಬಂದಳು. ನಮ್ಮವರು ಇನ್ನೂ ತಿರುಗಿ ಬಂದಿರಲಿಲ್ಲ. ಬಾನೆಟ್ಟಿಲ್ಲದ, ಬಾಗಿಲುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟ, ಅಲ್ಲಲ್ಲಿ ಬೂದಿ, ಅಲ್ಲಲ್ಲಿ ಬರೀ ತಗಡು ಕಾಣುವ ತನ್ನ ಕಾರನ್ನು ನೋಡಿ ಆಕೆ ಶೆಡ್ಡಿನ ಬಾಗಿಲಲ್ಲೇ ನಿಂತಳು. ನಾನು ಸಿದ್ಧಳಾಗಿಯೇ ಇದ್ದೆ. ಸುಕ್ಕುಗಟ್ಟಿದ ಬಣ್ಣದ ಚಕ್ಕೆ, ಗೋಣಿಚೀಲ, ಪುಟ್ಟಿಯ ಚೂರುಗಳು, ಎಲ್ಲವನ್ನೂ ತೆಗೆದಿಟ್ಟಿದ್ದೆ. ಒಂದೊಂದಾಗಿ ತೋರಿಸಿದೆ. ರಾಯಬಾಗದವರು ಟ್ರಾಲಿ ಒಯ್ದ ಮೇಲೆ ಬಯಲಲ್ಲಿ ಖಾಲಿ ಬಿದ್ದ ಜಾಗವನ್ನೂ ತೋರಿಸಿದೆ.

"ಅವರು ನಿಮ್ಮ ಮುಂದ ಬಾಯಿ ಬಿಡೂದಿಲ್ರಿ. ಹಂಗಂತ ನಾ ಸುಮ್ಮನ ಕುಂದರಾಕ ಆಗೂದಿಲ್ಲ," ಎಂದೆ.

ಆಕೆ ಜಗಳಕ್ಕೆ ನಿಲ್ಲುತ್ತಾಳೆ, ಕೊಟ್ಟ ಮಾತು ಅನ್ನುತ್ತಾಳೆ, ಕಾಲೇಜಿನ ಗೆಳೆತನ ಎತ್ತುತ್ತಾಳೆ ಎಂದುಕೊಂಡಿದ್ದೆ. ಅದಕ್ಕೆಲ್ಲ ಉತ್ತರ ಕೂಡಿಸಿಟ್ಟಿದ್ದೆ. ಆಕೆ ಹಾಗೇನೂ ಮಾಡಲಿಲ್ಲ. ಚಷ್ಮಾ ತೆಗೆದು ಒರೆಸಿದಳು. "ಏಜೆಂಟ ನನ್ನ ಮುಂದ ಆಣಿ ಮಾಡಿ ಹೇಳಿದ್ದಾ ವೈನಿ, ಕಂಪನಿ ಬಣ್ಣಾನ ಅಂತ," ಎಂದಳು. "ನಾ ಒಬ್ಬಾಕಿನ ಹೋಗಿ ತಗೊಂಡೆ. ನಮ್ಮ ಮನ್ಯಾಗ ಎಲ್ಲಾರೂ ಬ್ಯಾಡ ಅಂದಿದ್ರು. ಈಗ ಅವರ ಮುಂದ ಹೆಂಗ ಹೇಳ್ಲಿ?"

ಆಮೇಲೆ ಹೇಳಿದಳು, "ರೇಟ್ ನೀವ ಹೇಳ್ರಿ. ನೀವ ಹೇಳಿದಷ್ಟ ಕೊಡ್ತೀನಿ. ಅವಗೇನೂ ಅನಬ್ಯಾಡ್ರಿ. ಅವ ಮೊದಲಿಂದ ಹಂಗ. ಕಾಲೇಜಿನ್ಯಾಗ ಎಲ್ಲಾರ ನಾಟಕಕ್ಕೂ ಪರದೆ ಬರದು ಕೊಡ್ತಿದ್ದಾ, ತಾ ಒಂದ ಚಹಾ ಸೈತ ಕೇಳ್ತಿದ್ದಿಲ್ಲ."

ಪರದೆ! ನಾಟಕದ ಪರದೆಗೆ ಚಿತ್ರ ಬರೆಯುತ್ತಿದ್ದರೆಂದು ನನಗೆ ಗೊತ್ತಾದದ್ದೇ ಆಗ. ಆ ಕೈಯಿಂದ ಮನೆಯ ಮುಂದೆ ಒಂದು ಹೂವು ಬರೆದವರಲ್ಲ. ನಾನು ಹೇಳಿ ಆಕೆ ಒಪ್ಪಿದ ದುಡ್ಡು ನ್ಯಾಯವಾದದ್ದೇ ಇತ್ತು. ಗೆದ್ದ ಹಾಗೆ ಅನ್ನಿಸಬೇಕಿತ್ತು. ಆದರೆ ಆಕೆ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಬಲವಾಗಿ ಅನ್ನಿಸಿತು. ಒಳ್ಳೆಯವಳ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟ. ಅದು ಕಡಿಮೆಯಾಗುವುದಿಲ್ಲ, ಹೇಳಿಕೊಳ್ಳಲು ಜಾಗ ಮಾತ್ರ ಇಲ್ಲದಂತಾಗುತ್ತದೆ.

ನಮ್ಮವರಿಗೆ ವಿಷಯ ತಿಳಿದಾಗ ಕೂಗಾಡಲಿಲ್ಲ. "ನನ್ನ ಮಾತಿನ ಬೆಲಿ ಕಳದಿ ನೀ," ಎಂದಷ್ಟೇ ಹೇಳಿದರು. ಎರಡು ದಿನ ಊಟಕ್ಕೂ ಸರಿಯಾಗಿ ಬರಲಿಲ್ಲ. ಮೂರನೆಯ ದಿನ ರಾಯಬಾಗದ ಮಾಲಕರಿಗೆ ತಾವೇ ಫೋನ್ ಮಾಡಿ, ಕಂಪ್ರೆಸರ್ ಹೇರಿಕೊಂಡು ನಿಮ್ಮ ಅಂಗಳಕ್ಕೇ ಬಂದು ಟ್ರಾಲಿ ಮಾಡಿಕೊಡುತ್ತೇನೆ ಎಂದು ಒಪ್ಪಿಸಿದರು. ಚಿಕ್ಕೋಡಿಯಲ್ಲೂ ಅವರಿಗೆ ಪಾಳಿ ಸಿಕ್ಕಿರಲಿಲ್ಲ. ದೊಡ್ಡದು ಅಲ್ಲಿಗೆ ಹೋದರೂ ಶೆಡ್ಡಿನಲ್ಲಿ ಇನ್ನೊಂದು ಸಣ್ಣ ಹಳೆಯ ಕಂಪ್ರೆಸರ್ ಇತ್ತು.

"ಕಾರಿಗೆ ಪ್ರೈಮರ್ ಹೊಡದು, ಉಜ್ಜಿ ಇಟ್ಟಿರು," ಎಂದರು ಹೊರಡುವಾಗ. "ನೀಲಿ ನಾ ಬಂದ ಮ್ಯಾಲ ಹೊಡಿತೀನಿ."

ಪ್ರೈಮರ್ ಹೊಡೆದೆ. ಉಜ್ಜಿದೆ. ಆಮೇಲೆ ನೀಲಿ ಕೂಡಿಸಲು ಕೂತೆ. ಅಗಸಿ ಹೂವು ನಮ್ಮ ತವರಿನ ಕಡೆ ಹಿಂಗಾರಿಯಲ್ಲಿ ಕಡಲೆಯ ಸಾಲಿನ ಪಕ್ಕದಲ್ಲಿ ಬಿಡುತ್ತದೆ. ಬೆಳಗಿನಲ್ಲಿ ಒಂದು ಬಣ್ಣ, ಬಿಸಿಲೇರಿದ ಮೇಲೆ ಬೇರೆ. ಕಾಲೇಜಿನಲ್ಲಿ ಓದಿದವರಿಗಿಂತ ಅದನ್ನು ನಾನು ಹೆಚ್ಚು ನೋಡಿದ್ದೇನೆ ಎಂದುಕೊಂಡು ನೀಲಿಗೆ ಬಿಳಿ ಸೇರಿಸಿದೆ, ನೇರಳೆಯ ಒಂದು ಹನಿ, ಕರಿಯ ಇನ್ನೂ ಸಣ್ಣ ಹನಿ. ತಗಡಿನ ತುಂಡಿಗೆ ಹಚ್ಚಿ ಬಿಸಿಲಿಗೆ ಹಿಡಿದೆ. ಮತ್ತೆ ಬಿಳಿ ಸೇರಿಸಿದೆ. ಕೊನೆಗೆ ಸರಿಯಾದ ಬಣ್ಣ ಬಂತು. ಅದನ್ನು ಡಬ್ಬಿಯಲ್ಲಿ ನೋಡುತ್ತ ಕೂತಾಗ ಒಂದು ಮಾತು ಮನಸ್ಸಿಗೆ ಬಂತು. ಈ ಬಣ್ಣವನ್ನು ಇವರು ಆಕೆಯ ಕಾರಿಗೆ ಹೊಡೆಯುತ್ತಾರೆ. ಅಷ್ಟು ನಿಧಾನವಾಗಿ, ಅಷ್ಟು ಪ್ರೀತಿಯಿಂದ. ಆಕೆ ಪ್ರತಿದಿನ ಅದರಲ್ಲಿ ಕೂತು ಸಾಲೆಗೆ ಹೋಗುತ್ತಾಳೆ. ಅದು ಆಗಕೂಡದು ಅನ್ನಿಸಿತು.

ಶೆಡ್ಡಿನ ನೆಲಕ್ಕೆಲ್ಲ ನೀರು ಹೊಡೆದು ಧೂಳು ಅಡಗಿಸಿದೆ. ಗೋದಾಮಿನ ಕಡೆಯ ಕಿಟಕಿಗೆ ಹಸಿ ಚೀಲ ಕಟ್ಟಿದೆ, ಇಲ್ಲದಿದ್ದರೆ ತಂಬಾಕಿನ ಪುಡಿ ಹಾರಿ ಬಂದು ಹಸಿ ಬಣ್ಣಕ್ಕೆ ಕೂರುತ್ತದೆ. ಮೂಗಿಗೆ ಮಾಸ್ಕ್, ಅದರ ಮೇಲೆ ಹಳೆಯ ಓಢಣಿ. ನಮ್ಮವರ ಗನ್ನು ಮೊಳೆಗೆ ತೂಗುಹಾಕಿತ್ತು. ರಾಯಬಾಗಕ್ಕೆ ಟ್ರಾಲಿಯ ಗನ್ನು ಮಾತ್ರ ಒಯ್ದಿದ್ದರು. ಅದನ್ನು ಇಳಿಸಿಕೊಂಡೆ.

ಬಾನೆಟ್ಟಿನ ಮೇಲೆ ಹೊಡೆಯುವ ಮುಂಚೆ ಗಾಳಿಯಲ್ಲೇ ಹಲವು ಸಲ ಕೈ ಆಡಿಸಿ ನೋಡಿದೆ. ಟ್ರಾಲಿಗೆ ಹೊಡೆಯುವಾಗ ಹೆಚ್ಚುಕಡಿಮೆಯಾದರೂ ಕಬ್ಬು ತುಂಬಿದರೆ ಯಾರಿಗೂ ಕಾಣುವುದಿಲ್ಲ. ಕಾರು ಹಾಗಲ್ಲ. ಕೈ ಹತ್ತಿರ ಹೋದರೆ ಬಣ್ಣ ಸೋರುತ್ತದೆ, ದೂರ ಹೋದರೆ ಒಣ ಪುಡಿಯಾಗಿ ಬೀಳುತ್ತದೆ. ಒಂದು ಕೋಟು ಮುಗಿಯಿತು. ಎರಡನೆಯದಕ್ಕೆ ಕೈ ತಾನೇ ನಡೆಯತೊಡಗಿತು. ಹಿಂದಿನ ಒಂದು ಬಾಗಿಲಲ್ಲಿ ಆಸೆ ಹೆಚ್ಚಾಗಿ ದಪ್ಪ ಹೊಡೆದುಬಿಟ್ಟೆ. ಬಣ್ಣ ಕಣ್ಣೀರಿನಂತೆ ಕೆಳಗಿಳಿಯಿತು. ಅದು ಒಣಗುವವರೆಗೆ ಕಾದು, ಮತ್ತೆ ಉಜ್ಜಿ, ಮತ್ತೆ ಹೊಡೆದೆ. ಮೇಲೆ ಹೊಳಪಿನ ಲ್ಯಾಕರ್ ಹೊಡೆದು ಮುಗಿಸಿ ಹೊರಗೆ ಬಂದಾಗ ಮೈಯೆಲ್ಲ ಬೆವರು, ಹುಬ್ಬಿನ ಮೇಲೆ ನೀಲಿ ಪುಡಿ. ಅಷ್ಟು ಹೊತ್ತು ಆಕೆ ನನ್ನ ನೆನಪಿಗೇ ಬಂದಿರಲಿಲ್ಲ ಎಂದು ಆಗ ಹೊಳೆಯಿತು.

ನಮ್ಮವರು ಮರುದಿನ ಬಂದರು. ಶೆಡ್ಡಿನೊಳಗೆ ಕಾಲಿಟ್ಟವರು ಕಾರಿನ ಸುತ್ತ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ಕೂತು, ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿದರು. ನಾನು ಟ್ರಾಲಿಗೆ ನಂಬರು ಬರೆಯುವ ನೆಪದಲ್ಲಿ ಹೊರಗೇ ಇದ್ದೆ.

"ಡಿಕ್ಕಿ ಅಂಚಿಗೆ ಒಂದೀಟ ಒಣ ಬಿದ್ದೈತಿ," ಎಂದರು ಕೊನೆಗೆ.

"ಪಾಲಿಶ್ ಮಾಡಿದ್ರ ಹೋಗತೈತಿ."

"ಹೂಂ. ಹೋಗತೈತಿ."

ಅಷ್ಟೇ. ಗನ್ನು ಯಾಕೆ ಮುಟ್ಟಿದೆ ಎಂದು ಕೇಳಲಿಲ್ಲ. ಚೆನ್ನಾಗಿದೆ ಎಂದೂ ಅನ್ನಲಿಲ್ಲ. ಸಂಜೆಯವರೆಗೆ ಇಬ್ಬರೂ ಎದುರುಬದುರು ನಿಂತು ಪಾಲಿಶ್ ಮಾಡಿದೆವು.

ಗಾಡಿ ಒಯ್ಯಲು ಆಕೆ ರವಿವಾರ ಬಂದಳು. ಬಿಸಿಲಿಗೆ ಹೊರಗೆ ತಂದು ನಿಲ್ಲಿಸಿದ್ದ ಕಾರನ್ನು ನೋಡಿ ಬಾಯಿಗೆ ಕೈ ಹಚ್ಚಿಕೊಂಡಳು. ಬಾನೆಟ್ಟಿನ ಮೇಲೆ ಬಗ್ಗಿ ತನ್ನ ಮುಖ ನೋಡಿಕೊಂಡಳು. ಆಮೇಲೆ ನಮ್ಮವರ ಕಡೆ ತಿರುಗಿ, ಮರಾಠಿಯಲ್ಲಿ, "ನಿನ್ನ ಕೈ ಇನ್ನೂ ಹಂಗ ಐತಿ ನೋಡು. ಒಂದೀಟೂ ಬದಲ ಆಗಿಲ್ಲ," ಎಂದಳು.

ನಮ್ಮವರು ನಕ್ಕು ತಲೆ ಕೆರೆದುಕೊಂಡರು. ಇಲ್ಲ ಅನ್ನಲಿಲ್ಲ. ಹೌದೂ ಅನ್ನಲಿಲ್ಲ. ಆ ಹೊಗಳಿಕೆ ಅವರ ಮೈಮೇಲೆ ಬಿದ್ದು ಅಲ್ಲೇ ಉಳಿಯಿತು.

ಅಲ್ಲಿಯವರೆಗೆ ನನ್ನ ಹೊಟ್ಟೆಯುರಿಯೆಲ್ಲ ಆಕೆಯ ಮೇಲಿತ್ತು. ಆ ಕ್ಷಣ ಅದು ಹೊರಳಿ ಇವರ ಮೇಲೆ ಬಂತು. ನಾನು ಗಾಳಿಯಲ್ಲಿ ಕೈ ಆಡಿಸಿ ನೋಡಿದ್ದು, ನನ್ನ ಕಣ್ಣು ಕೂಡಿಸಿದ ಬಣ್ಣ, ನಾನು ಸೋರಿಸಿ ಮತ್ತೆ ಉಜ್ಜಿದ ಬಾಗಿಲು. ಅದರ ಹೊಗಳಿಕೆ ಮಾತ್ರ ಇವರಿಗೆ ಹೋಗುತ್ತಿದೆ. ಗಂಡನನ್ನು ಯಾರಾದರೂ ಕಸಿದುಕೊಂಡಾರು ಎಂಬ ಸಂಕಟಕ್ಕಿಂತ ಇದು ಹೆಚ್ಚು ಸುಟ್ಟಿತು.

"ಅದು ಅವರು ಹೊಡದದ್ದಲ್ರಿ ಅಕ್ಕೋರ," ಎಂದೆ. ಮರಾಠಿಯಲ್ಲೇ ಹೇಳಿದೆ. "ಬಣ್ಣ ಕೂಡಿಸಿದಾಕಿ ನಾ, ಹೊಡದಾಕಿ ನಾ. ಅವರು ರಾಯಬಾಗದಾಗ ಟ್ರಾಲಿ ಬಳ್ಯಾಕತ್ತಿದ್ರು."

ಆಕೆ ಇವರ ಮುಖ ನೋಡಿದಳು. ಇವರು ನೆಲ ನೋಡಿದರು. ಆಕೆಗೆ ನಗು ತಡೆಯಲಾಗಲಿಲ್ಲ. "ಮತ್ತ ಹೊಗಳಿಸ್ಕೊಂಡು ಹಂಗ ನಿಂತೀಯಲ್ಲೋ, ಕಳ್ಳ!" ಎಂದು ಇವರ ಹೆಗಲಿಗೆ ಚೀಲದಿಂದ ಹೊಡೆದಳು. ಆಮೇಲೆ ಬಾನೆಟ್ಟಿನ ಹತ್ತಿರ ಹೋಗಿ ಇನ್ನೊಂದು ಸಲ ನೋಡಿದಳು, ಈ ಸಲ ಬೇರೆ ರೀತಿಯಲ್ಲಿ, ಬಹಳ ಹೊತ್ತು. "ವೈನಿ, ನಮ್ಮ ಸಾಲ್ಯಾಗ ಇನ್ನೊಬ್ಬ ಟೀಚರ ಗಾಡಿ ಐತಿ. ನಿಮ್ಮ ಕಡೆನ ಕಳಸ್ತೀನಿ," ಎಂದಳು. ಒಪ್ಪಿದ್ದ ದುಡ್ಡನ್ನು ನನ್ನ ಕೈಗೇ ಕೊಟ್ಟಳು.

ಆಕೆ ಹೋದ ಮೇಲೆ ನಮ್ಮವರು, "ನಾ ಹೇಳಾವಿದ್ದೆ," ಎಂದರು.

"ಯಾವಾಗ?"

"ಆಕಿ ಮಾತ ಮುಗಸಲಿ ಅಂತ ಬಿಟ್ಟಿದ್ದೆ."

ನಾನು ನಂಬಲಿಲ್ಲ. ಅವರೂ ನಂಬಿಸಲು ಹೋಗಲಿಲ್ಲ. ಆರ್‌ಟಿಓ ಕೆಲಸಕ್ಕೆ ಮಾತ್ರ ಹೇಳಿದ ಹಾಗೆಯೇ ಚಿಕ್ಕೋಡಿಗೆ ಹೋಗಿ ಬಂದರು. ಬರುವಾಗ ನಮ್ಮ ಸ್ಕೂಟರಿನ ಇನ್ಶೂರೆನ್ಸನ್ನೂ ಕಟ್ಟಿಸಿಕೊಂಡು ಬಂದರು.

ಆಕೆ ಹೇಳಿದ ಟೀಚರಿನ ಗಾಡಿ ಬಂತು. ಅದರ ಬೆನ್ನಿಗೆ ಭೋಜದ ಒಬ್ಬ ಡಾಕ್ಟರರದು, ಆಮೇಲೆ ಅಥಣಿಯಿಂದ ಒಂದು ಬಿಳಿ ವ್ಯಾನು. ಬಂದವರೆಲ್ಲ ನಮ್ಮವರನ್ನು ದಾಟಿ ಒಳಗೆ ಇಣುಕಿ, "ವೈನಿ ಅದಾರೇನ್ರಿ? ಅವರ ಹೊಡೀಬೇಕಂತ," ಎಂದು ಕೇಳತೊಡಗಿದರು. ಮೊದಲು ಮೊದಲು ನಮ್ಮವರು ನಗುತ್ತ ನನ್ನನ್ನು ಕರೆಯುತ್ತಿದ್ದರು. ಆಮೇಲೆ ಆ ನಗು ಸಣ್ಣದಾಯಿತು. ನಾನು ಹೊಡೆದ ಬಾಗಿಲಲ್ಲಿ ತಪ್ಪು ಹುಡುಕುವುದು ಶುರುವಾಯಿತು. ಒಂದು ದಿನ ಯಾರಿಗೋ, "ನಾನ ಕಲಿಸಿದ್ದರಿ ಆಕಿಗೆ," ಎಂದದ್ದೂ ಕೇಳಿಸಿತು. ಕಲಿಸಿದ್ದು ಹೌದು, ಪ್ರೈಮರಿನವರೆಗೆ.

ಟೀಚರ್ ಈಗಲೂ ಒಮ್ಮೊಮ್ಮೆ ಬರುತ್ತಾಳೆ. ಇವರು ಮರಾಠಿಗೆ ಹೊರಳುತ್ತಾರೆ, ಕೈ ಆಡಿಸುತ್ತಾರೆ. ನನಗೆ ಈಗಲೂ ಒಳಗೆ ಚುರ್ ಅನ್ನುತ್ತದೆ. ಅದು ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಈಗ ನಾನು ಕೆಲಸ ಬಿಟ್ಟು ಅವರ ಹತ್ತಿರ ಹೋಗಿ ನಿಲ್ಲುತ್ತೇನೆ, ಮಾತಿಗೆ ಮಾತು ಸೇರಿಸುತ್ತೇನೆ. ನಾಟಕದ ಪರದೆಯಲ್ಲಿ ಇವರು ಬರೆದ ಹುಲಿ ನಾಯಿಯಂತೆ ಕಾಣುತ್ತಿತ್ತು ಎಂಬುದನ್ನು ಹಾಗೆ ನಿಂತಾಗಲೇ ತಿಳಿದದ್ದು.

ಮೊನ್ನೆ ಕಾಗವಾಡದ ಕಡೆಯಿಂದ ಒಬ್ಬರು ದೊಡ್ಡ ಕರಿ ಗಾಡಿ ತಂದರು. ನಾನು ಟ್ರಾಲಿಯ ಮರೆಯಲ್ಲಿ ಕೂತು ಚಕ್ರಕ್ಕೆ ಪೇಪರ್ ಅಂಟಿಸುತ್ತಿದ್ದೆ. ಅವರು ಬಂದವರೇ ನಮ್ಮವರನ್ನು ಕೇಳಿದರು:

"ಬಣ್ಣ ಹೊಡೆಯೋ ವೈನಿ ಎಲ್ಲಿ ಅದಾರ್ರಿ?"

ನಮ್ಮವರು ಟ್ರಾಲಿಯ ಕಡೆ ಒಮ್ಮೆ ನೋಡಿದರು. ನಾನು ಅಲ್ಲೇ ಇರುವುದು ಅವರಿಗೆ ಗೊತ್ತಿತ್ತು.

"ಆಕಿ ಮನ್ಯಾಗ ಅಡಗಿ ಮಾಡಾಕತ್ತಾಳ್ರಿ," ಎಂದರು. "ಏನಿದ್ರೂ ನನ್ನ ಮುಂದ ಹೇಳ್ರಿ."

ನಾನು ಎದ್ದು ನಿಲ್ಲಲಿಲ್ಲ. ಟೇಪನ್ನು ಹಲ್ಲಿನಿಂದ ಸದ್ದಾಗದಂತೆ ಹರಿದು, ಚಕ್ರದ ಅಂಚಿಗೆ ಒತ್ತಿದೆ. ಈ ಸಲ ಹೊಟ್ಟೆ ಉರಿದದ್ದು ಅವರದು; ಬಹಳ ದಿನಗಳ ಮೇಲೆ ನನ್ನ ಹೊಟ್ಟೆಯೊಳಗೆ ತಣ್ಣಗಾಯಿತು.